ಬೂದಿಕೋಟೆ ಬಸ್ಸು ಹತ್ತಿದ ಜೇನು

ನನ್ನ ವಯಸ್ಸಿನ ಹೆಂಗಸರು ನಾಲ್ಕು ಜನ ಸೇರಿದರೆ ಮೊಮ್ಮಕ್ಕಳ ಮಾರ್ಕ್ಸು, ಮಂಡಿ ಆಪರೇಷನ್ನು, ಉಪ್ಪಿನಕಾಯಿಯ ಹದ ಅಂತ ಜಂಬ ಕೊಚ್ಚಿಕೊಳ್ಳುವುದು ಇದ್ದದ್ದೇ. ನಾನು ಸುಮ್ಮನೆ ಕಾಫಿ ಕುಡಿಯುತ್ತಾ ಕೂತಿರುತ್ತೇನೆ. ಸರದಿ ಬಂದಾಗ ತಣ್ಣಗೆ ಹೇಳುತ್ತೇನೆ: "ಬೂದಿಕೋಟೆ ಬಸ್ಸಿನ ಮೇಲಿಂದ ಒಂದು ಹಿಂಡು ಜೇನನ್ನ ಬರಿಗೈಯಲ್ಲಿ ಇಳಿಸಿದವಳು ನಾನು." ಆಮೇಲೆ ಮಂಡಿಯ ಮಾತನ್ನು ಯಾರೂ ಎತ್ತುವುದಿಲ್ಲ. ಫ್ರ್ಯಾಂಕ್ ಆಗಿ ಹೇಳಬೇಕೆಂದರೆ, ಸರದಿ ಬರದಿದ್ದರೂ ಹೇಳುತ್ತೇನೆ.

ಎಪ್ಪತ್ತರ ದಶಕದ ಕೊನೆಯ ಮಾತು. ನಮ್ಮ ಮನೆ ಬಂಗಾರಪೇಟೆ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿತ್ತು. ಯಜಮಾನರು ಬೆಳಗಿನ ಟ್ರೈನಿಗೆ ಕೆಜಿಎಫ್‌ಗೆ ಹೋದರೆ ಬರುತ್ತಿದ್ದದ್ದು ಸಂಜೆಗೇ. ಹಗಲೆಲ್ಲ ಮನೆಯಲ್ಲಿ ನಾನು, ನಮ್ಮತ್ತೆ, ಅತ್ತೆಯ ಕೋಳಿಗಳು, ಹಿತ್ತಲ ಹೊಂಗೆಮರದಡಿ ನನ್ನ ಜೇನುಪೆಟ್ಟಿಗೆ. ಕಾನ್ವೆಂಟಿನ ಸಿಸ್ಟರ್‌ಗಳು ನನಗೆ ಪಿಯಾನೊ, ಟೇಬಲ್ ಮ್ಯಾನರ್ಸ್, ಎಂಬ್ರಾಯ್ಡರಿ ಎಲ್ಲ ಕಲಿಸಿ, ಮುದ್ದೆ ತೊಳಸುವುದೊಂದನ್ನು ಬಿಟ್ಟುಬಿಟ್ಟಿದ್ದರು. ಕ್ಯಾಸಂಬಳ್ಳಿ ಕಡೆಯ ನಮ್ಮತ್ತೆಗೆ ಅದೊಂದೇ ಸಿಲಬಸ್ಸು. "ನಮ್ ದೊರೆಸಾನಿ ಮುದ್ದೇಲಿ ಗಂಟು ಉಡುಕ್ಬೇಕಾಗಿಲ್ಲ ಕಣ್ರವ್ವಾ, ಗಂಟಲ್ಲಿ ಮುದ್ದೆ ಉಡುಕ್ಬೇಕು" ಅಂತ ಬೀದಿಗೆಲ್ಲ ಕೇಳುವ ಹಾಗೆ ಹೇಳುತ್ತಿದ್ದರು. ಜೇನುಹುಳುಗಳು ಮುದ್ದೆ ತಿನ್ನುವುದಿಲ್ಲವಲ್ಲ, ಅದಕ್ಕೇ ಇರಬೇಕು, ನನಗೆ ಒಗ್ಗಿಕೊಂಡಿದ್ದವು.

ಹೊಂಗೆ ಹೂ ಬಿಡುವ ಕಾಲಕ್ಕೆ ಪೆಟ್ಟಿಗೆಯಲ್ಲಿ ಸಂಸಾರ ಹೆಚ್ಚಾಗಿ ಹಿಂಡು ಪಾಲಾಗುತ್ತದೆ. ಹಳೇ ರಾಣಿ ಮನೆಯನ್ನು ಹೊಸಬಳಿಗೆ ಬಿಟ್ಟು, ಅರ್ಧ ಹುಳುಗಳನ್ನು ಕರೆದುಕೊಂಡು ಬೇರೆ ಜಾಗ ಹುಡುಕಿ ಹೊರಡುತ್ತಾಳೆ. ಇದನ್ನು ನಾನು ಅತ್ತೆಗೆ ಸ್ವಲ್ಪ ಒತ್ತಿ ಒತ್ತಿಯೇ ವಿವರಿಸಿದ್ದೆ. ಅವರು ಎಲೆಯಡಿಕೆ ಜಗಿಯುತ್ತಾ, "ಅದ್ಕೇ ಕಣವ್ವಾ ಅದು ಉಳ. ನಾನ್ ಎಲ್ಲೂ ಓಗಾಕಿಲ್ಲ" ಅಂದರು.

ಹೊರಡುವ ಆ ಅರ್ಧ ಹಿಂಡಿಗಾಗಿ ಎರಡನೇ ಪೆಟ್ಟಿಗೆಯೊಂದನ್ನು ತರಿಸಿ ಕಾದಿದ್ದೆ. ಅದರ ಮೇಲೆ ಅತ್ತೆಯ ಕಣ್ಣು ಬಿದ್ದಿತ್ತು. ಅವರ ಕೆಂಚು ಕೋಳಿ ಕಾವಿಗೆ ಬಂದಿತ್ತು. "ಯುಗಾದಿ ಒಳಗೆ ನಿನ್ ಉಳ ಬರ್ಲಿಲ್ಲ ಅಂದ್ರೆ ನನ್ ಕೋಳಿ ಕೂರುಸ್ತೀನಿ" ಅಂತ ಗಡುವು ಕೊಟ್ಟಿದ್ದರು. ಜೇನಿಗಾಗಿ ತಂದ ಪೆಟ್ಟಿಗೆಯಲ್ಲಿ ಕೋಳಿ ಕೂತರೆ ನಾನು ಬೀದಿಯಲ್ಲಿ ತಲೆ ಎತ್ತುವುದು ಹೇಗೆ?

ಯುಗಾದಿಯ ಹಿಂದಿನ ದಿನ, ಅತ್ತೆ ಕೋಳಿಯನ್ನು ಕಂಕುಳಲ್ಲಿ ಅವುಚಿಕೊಂಡು ಹಿತ್ತಲಿಗೆ ಬಂದೇಬಿಟ್ಟರು. ಅದೇ ಹೊತ್ತಿಗೆ ನನ್ನ ಪೆಟ್ಟಿಗೆಯ ಬಾಯಿಂದ ಹುಳುಗಳು ಹೊಗೆಯ ಹಾಗೆ ಎದ್ದವು! ಗೋಡೆ ದಾಟಿ ಬಸ್ ಸ್ಟ್ಯಾಂಡಿನ ಕಡೆ ಹೊರಟವು. ತಟ್ಟೆ ಬಡಿದರೆ ಜೇನು ಬೇಗ ಕೂರುತ್ತದೆ ಅನ್ನುವುದು ಸುಳ್ಳು ಅಂತ ನಾನು ಪುಸ್ತಕದಲ್ಲಿ ಓದಿದ್ದೆ. ಆದರೂ ಊಟದ ತಟ್ಟೆ ಬಡಿಯುತ್ತಾ, ಹಗ್ಗದ ಮೇಲೆ ಒಣಗುತ್ತಿದ್ದ ದಿಂಬಿನ ಚೀಲ ಎಳೆದುಕೊಂಡು ಓಡಿದೆ. ಸೈನ್ಸ್ ಬೇರೆ, ಗಾಬರಿ ಬೇರೆ. ಸೌದೆ ಡಿಪೋದವನು ಆಕಾಶ ನೋಡುತ್ತಾ, "ಏನಕ್ಕಾ, ಗ್ರಹಣ ಇಡ್ದೈತಾ?" ಅಂದ.

ಹಿಂಡು ಹೋಗಿ ಕೂತದ್ದು ಬೂದಿಕೋಟೆ ಬಸ್ಸಿನ ಹಿಂದಿನ ಏಣಿಗೆ. ಹಲಸಿನಕಾಯಿಯಂತೆ ಜೋತುಬಿತ್ತು. ಒಳಗಿದ್ದವರು ಪಟಪಟ ಕಿಟಕಿ ಮುಚ್ಚಿದರು. ಕಂಡಕ್ಟರ್ ಸೀಟಿ ಬಾಯಿಗಿಟ್ಟ.

"ರೀ, ಪ್ಲೀಸ್, ಜಸ್ಟ್ ಟೆನ್ ಮಿನಿಟ್ಸ್!"

"ಟೈಮಾಯ್ತು ಮೇಡಂ. ಬೂದಿಕೋಟೆಗೋಗಿ ವಾಪಸ್ ಬತ್ತೀವಿ, ಆಗ ಇಳಿಸ್ಕೊಳ್ಳಿ. ಓಗಿಬರೋ ಟಿಕೆಟ್ ಬೇಕಾದ್ರೆ ಅರೀತೀನಿ."

ಬಸ್ಸು ಗುರುಗುಟ್ಟಿತು. ಹೋಯಿತು, ಎಲ್ಲ ಹೋಯಿತು ಅಂದುಕೊಂಡೆ. ಅಷ್ಟರಲ್ಲಿ ಮುಂದಿನಿಂದ ಒಂದು ಗಂಟಲು ಕೇಳಿಸಿತು. ನೋಡಿದರೆ ನಮ್ಮತ್ತೆ! ಬಸ್ಸಿಗೆ ಅಡ್ಡ ನಿಂತಿದ್ದಾರೆ, ಕಂಕುಳಲ್ಲಿ ಕೋಳಿ ಹಾಗೇ ಇದೆ.

"ಎಲ್ಲಿಗ್ಲಾ ಓಯ್ತೀಯ, ನಮ್ಮನೆ ಐಕ್ಳನ್ನ ಏರಿಸ್ಕೊಂಡು? ನಮ್ ಸೊಸೆ ಇಳಿಸ್ಕೊಳ್ಳೋಗಂಟ ಈ ಗಾಡಿ ಅಲ್ಲಾಡಿದ್ರೆ ನೋಡು!"

"ಅಜ್ಜೀ, ಪಕ್ಕಕ್ ಬನ್ನಿ. ಅವ್ರಿಗೆ ಜೇನಿಡಿಯಾಕೆ ಬತ್ತದಾ?"

"ಏನ್ಲಾ ಅಂಗಂದ್ರೆ? ಕಾನ್ವೆಂಟಲ್ಲಿ ಓದವ್ಳೆ ಕಣ್ಲಾ ನಮ್ ಸೊಸೆ!"

ಆ ಮಾತನ್ನು ಅವರ ಬಾಯಲ್ಲಿ ಹೊಗಳಿಕೆಯಾಗಿ ಕೇಳಿದ್ದು ಅದೇ ಮೊದಲು. ಕಣ್ಣು ಮಂಜಾಯಿತು. ಅಳುವುದಕ್ಕೆ ಟೈಮಿರಲಿಲ್ಲ. ಸೀರೆ ಎತ್ತಿಕಟ್ಟಿ ಏಣಿ ಹತ್ತಿದೆ. ದಿಂಬಿನ ಚೀಲದ ಮೇಲೆ ಸಿಸ್ಟರ್ ಕಲಿಸಿದ ಗುಲಾಬಿ ಹೂಗಳ ನಡುವೆ ‘ಸ್ವೀಟ್ ಡ್ರೀಮ್ಸ್’ ಅಂತ ನಾನೇ ಕಸೂತಿ ಹಾಕಿದ್ದೆ. ಅದರ ಬಾಯಿ ಅಗಲಿಸಿ ಹಿಂಡಿನ ಕೆಳಗೆ ಹಿಡಿದು ಮೆಲ್ಲಗೆ ಕೈ ತೂರಿಸಿದೆ. ಬೆಚ್ಚಗೆ ಹುರಿದ ಕಾಳಿನ ರಾಶಿಯೊಳಗೆ ಕೈಯಿಟ್ಟಂತೆ. ಕಾಳುಗಳು ಮಾತ್ರ ನಡೆದಾಡುತ್ತಿರುತ್ತವೆ. ಹೊರಡುವ ಮುಂಚೆ ಹೊಟ್ಟೆ ತುಂಬ ಜೇನು ಕುಡಿದಿದ್ದ ಹುಳುಗಳು ಮದುವೆ ಊಟ ಮುಗಿಸಿದವರಷ್ಟು ಸಾಧುವಾಗಿದ್ದವು. ಉದ್ದ ಹೊಟ್ಟೆಯ ರಾಣಿ ಚೀಲದೊಳಗೆ ಜಾರಿದಳು. ಉಳಿದವು, ಗಂಟೆ ಹೊಡೆದ ಮೇಲೆ ನಾವು ಚಾಪೆಲ್‌ಗೆ ಹೋಗುತ್ತಿದ್ದಂತೆ, ಸಾಲಾಗಿ ಹಿಂಬಾಲಿಸಿದವು. ಒಂದೂ ಕುಟುಕಲಿಲ್ಲ. ಹಿಂದಿನ ಕಿಟಕಿಯ ಹಿಂದೆ ಕೂತಿದ್ದ ತಮಿಳು ಅಜ್ಜಿಯೊಬ್ಬರು ಗಾಜಿಗೆ ಮೂಗು ಒತ್ತಿ, "ನೀ ಪೊಂಬಳೆಯಾ, ಪೇಯಾ?" ಅಂತ ಕೂಗಿದರು. ಹೆಂಗಸೋ ದೆವ್ವವೋ ಅಂತ. ಕಾಂಪ್ಲಿಮೆಂಟ್ ಅಂತಲೇ ತಗೊಂಡೆ.

"ಆಯ್ತೇನವ್ವಾ?" ಮುಂದಿನಿಂದ ಅತ್ತೆ ಕೂಗಿದರು.

"ಆಯ್ತತ್ತೆ!"

"ಊಂ, ಇನ್ನೋಗ್ಲಾ" ಅಂತ ಪಕ್ಕಕ್ಕೆ ಸರಿದು ಬಸ್ಸನ್ನು ಬೀಳ್ಕೊಟ್ಟರು.

ಅವತ್ತೇ ಹಿಂಡನ್ನು ಹೊಸ ಪೆಟ್ಟಿಗೆಗಿಳಿಸಿ, ಹೊಸ ಮನೆಗೆ ಒಗ್ಗಲಿ ಅಂತ ಹಳೇ ಪೆಟ್ಟಿಗೆಯ ಒಂದು ಎರಿ, ಅಂದರೆ ಜೇನುತಟ್ಟಿ, ಜೋಡಿಸಿಕೊಟ್ಟೆ. ಕೆಂಚು ಕೋಳಿ ನನ್ನ ಕಾನ್ವೆಂಟ್ ಟ್ರಂಕಿನಲ್ಲಿ ಕಾವಿಗೆ ಕೂತಿತು. ಅತ್ತೆ ಕೇಳಲಿಲ್ಲ, ನಾನೂ ಬೇಡ ಅನ್ನಲಿಲ್ಲ. ಕೊನೆಯವರೆಗೂ ಅವರು ನನ್ನ ಮುದ್ದೆಯನ್ನು ಹೊಗಳಲಿಲ್ಲ. ಆದರೆ ಬಂದವರನ್ನೆಲ್ಲ ಮೊದಲು ಹಿತ್ತಲಿಗೆ ಕರೆದೊಯ್ದು ಪೆಟ್ಟಿಗೆ ತೋರಿಸಿಯೇ ಕಾಫಿ ಕೊಡುತ್ತಿದ್ದರು. ಈಗ ಅವರೂ ಇಲ್ಲ, ಆ ಹೊಂಗೆಮರವೂ ಇಲ್ಲ.

ಅಂದಿನಿಂದ ನಾನು ಬೂದಿಕೋಟೆ ಬಸ್ಸು ಹತ್ತಿದರೆ ಕಂಡಕ್ಟರ್, "ಜೇನಮ್ಮ ಬಂದ್ರು, ಜಾಗ ಬಿಡ್ರಪ್ಪಾ" ಅನ್ನುತ್ತಿದ್ದ. ಎಷ್ಟೇ ರಶ್ ಇದ್ದರೂ ಕಿಟಕಿ ಪಕ್ಕದ ಸೀಟು ನನಗೇ. ಪಕ್ಕದಲ್ಲಿ ಯಾರೂ ಕೂರುತ್ತಿರಲಿಲ್ಲ. ವಿದ್ಯಾವಂತ ಹೆಂಗಸಿಗೆ ನಮ್ಮ ಜನ ಎಂಥ ರೆಸ್ಪೆಕ್ಟ್ ಕೊಡುತ್ತಾರೆ ಅಂತ ಬೀಗುತ್ತಿದ್ದೆ. ಒಂದು ದಿನ ಬ್ರೇಕ್ ಹಾಕಿದಾಗ ನನ್ನ ತೊಡೆಯ ಮೇಲಿದ್ದ ಚೀಲ ಸ್ವಲ್ಪ ಅಲ್ಲಾಡಿತು. ನಿಂತಿದ್ದವರೆಲ್ಲ ಒಟ್ಟಿಗೆ ಹಿಂದಕ್ಕೆ ಸರಿದರು. ಆಗ ಅರ್ಥವಾಯಿತು.

ಅದಾದ ಮೇಲೆ ಸಂತೆಗೆ ಹೋಗುವಾಗೆಲ್ಲ ‘ಸ್ವೀಟ್ ಡ್ರೀಮ್ಸ್’ ಚೀಲವನ್ನೇ ಒಯ್ಯತೊಡಗಿದೆ. ಒಳಗಿರುತ್ತಿದ್ದದ್ದು ಬದನೆಕಾಯಿ. ಬಾಯಿ ಮಾತ್ರ ಭದ್ರವಾಗಿ ಕಟ್ಟಿರುತ್ತಿದ್ದೆ.