ಹಿತ್ತಲಿನ ಬಿಸಿಲು ಗಡಿಯಾರ

ದಿನಾ ದೀಪ ಹಚ್ಚುವಾಗ ದೇವರು ಮಾಡಿರುವ ಸಣ್ಣಪುಟ್ಟ ಉಪಕಾರಗಳನ್ನು ಒಂದೊಂದಾಗಿ ನೆನೆಸಿಕೊಳ್ಳುವುದು ನನ್ನ ಅಭ್ಯಾಸ. ಸೌದೆ ಒಣಗಿದೆ, ಬಾವಿಯಲ್ಲಿ ನೀರಿದೆ, ಅತ್ತೆಯ ಮಂಡಿನೋವು ಕಡಿಮೆಯಾಗಿದೆ, ಇವತ್ತು ಭಾನುವಾರ ಅಲ್ಲ. ಈ ಕೊನೆಯದನ್ನು ಸ್ವಲ್ಪ ಮೆಲ್ಲಗೆ ಹೇಳಿಕೊಳ್ಳುತ್ತೇನೆ. ನಮ್ಮ ಮನೆಯವರು ಕಂಪಲಾಪುರದಲ್ಲಿ ಸ್ಕೂಲು ಮೇಷ್ಟ್ರು. ಆರು ದಿನ ಮಕ್ಕಳ ತಲೆಗೆ ಇಳಿಯುವ ವಿದ್ಯೆ ಭಾನುವಾರ ಬೇರೆ ಜಾಗ ಕಾಣದೆ ನಮ್ಮ ಮನೆಯೊಳಗೇ ಸುತ್ತುತ್ತಿರುತ್ತದೆ. ಅಂಥದೇ ಒಂದು ಭಾನುವಾರ, ಗೋಡೆ ಗಡಿಯಾರ ಹಿಂದೆ ಬೀಳುತ್ತಿದೆ ಎಂದು ಅದನ್ನು ಬಿಚ್ಚಿದರು. ತಿರುಗಿ ಜೋಡಿಸಿದ ಮೇಲೆ ಒಂದು ಹಲ್ಲಿನ ಚಕ್ರವೂ ಎರಡು ತಿರುಪುಮೊಳೆಗಳೂ ಮಿಕ್ಕವು. "ಇವಿಲ್ಲದೆಯೂ ಓಡಬೇಕು" ಎಂದರು. ಓಡಲಿಲ್ಲ. ಪಿರಿಯಾಪಟ್ಟಣದ ರಿಪೇರಿಯವನು ಅದನ್ನು ನೋಡಿ, ಯಾರೋ ತೀರಿಕೊಂಡವರ ಬಗ್ಗೆ ಹೇಳುವಂತೆ, "ಚೆನ್ನಾಗಿತ್ತು ಗಡಿಯಾರ" ಎಂದನಂತೆ.

ಇದರಿಂದ ನನಗಿಂತ ಹೆಚ್ಚು ಸಂಕಟವಾದದ್ದು ಅತ್ತೆಗೆ. ಏಕಾದಶಿಯ ದಿನ ಅವರು ತೊಟ್ಟು ನೀರನ್ನೂ ಮುಟ್ಟುವುದಿಲ್ಲ. ಮಾರನೆಯ ದಿನ ದ್ವಾದಶಿ, ಪಂಚಾಂಗದಲ್ಲಿ ಬರೆದ ಹೊತ್ತಿನೊಳಗೆ ಊಟ ಮಾಡಿ ಪಾರಣೆ ಮುಗಿಸಬೇಕು. ಹೊತ್ತು ಮೀರಿದರೆ ಹಿಂದಿನ ದಿನದ ಉಪವಾಸವೆಲ್ಲ ನೀರಿನಲ್ಲಿ ಹೋಮ. ಮದುವೆಯಾಗಿ ಬಂದಾಗಿನಿಂದ ಒಂದು ಸಲವೂ ತಪ್ಪದೆ ನಡೆಸಿಕೊಂಡು ಬಂದ ವ್ರತ.

"ಗಡಿಯಾರ ಕೊಂದು ಕೂತಿದ್ದೀಯಲ್ಲೋ, ಬರೋ ದ್ವಾದಶಿಗೆ ನಾನೇನೋ ಮಾಡಲಿ?" ಎಂದು ಅತ್ತೆ ಕೇಳಿದರು.

"ಸೂರ್ಯನೇ ಇರುವಾಗ ಗಡಿಯಾರ ಯಾಕಮ್ಮ?" ಎಂದರು ಇವರು. ನಾನು ಬೆರಳು ಮಡಿಸಿ ಎಣಿಸಿದೆ. ಮುಂದಿನ ಭಾನುವಾರಕ್ಕೆ ಇನ್ನು ಮೂರೇ ದಿನವಿತ್ತು.

ಹಿತ್ತಲಿನಲ್ಲಿ ನಾನು ಸಂಡಿಗೆ ಒಣಗಿಸುವ ದೊಡ್ಡ ಹಾಸುಗಲ್ಲಿದೆ. ಅದರ ಪಕ್ಕದಲ್ಲಿ ಇವರು ಶನಿವಾರ ಸಂಜೆಯೇ ಒಂದು ಬಿದಿರಿನ ಗಳ ನೆಟ್ಟರು. ಭಾನುವಾರ ಪೋಸ್ಟ್ ಮಾಸ್ಟರ ಕೈಗಡಿಯಾರವನ್ನು ಎರವಲು ತಂದು, ಗಂಟೆಗೊಂದು ಗೆರೆ ಎಳೆಯುವುದೆಂದು ತೀರ್ಮಾನವಾಯಿತು. ಹೊತ್ತು ಕೂಗುವುದು ಅವರ ಕೆಲಸ, ಕೆಮ್ಮಣ್ಣಿನಲ್ಲಿ ಗೆರೆ ಎಳೆಯುವುದು ನನ್ನದು. "ನಿನಗೆ ರಂಗೋಲಿ ಅಭ್ಯಾಸವಿದೆಯಲ್ಲ" ಎಂದರು. ಅಭ್ಯಾಸವೇ ತೊಂದರೆಯಾಯಿತು. ಎಂಟರ ಗೆರೆಯ ತುದಿಯಲ್ಲಿ ನನ್ನ ಕೈ ತಾನಾಗಿ ಒಂದು ಕಮಲ ಬಿಡಿಸಿಬಿಟ್ಟಿತು. "ಇದು ಗಡಿಯಾರ ಕಣೇ, ತುಳಸಿಕಟ್ಟೆ ಅಲ್ಲ!" ಎಂದು ಬೈದರು. ಹತ್ತಕ್ಕೆ ಗಳದ ನೆರಳೇ ಕಾಣೆಯಾಯಿತು. ಇಬ್ಬರೂ ಗಾಬರಿಯಿಂದ ಹುಡುಕಿದೆವು. ಆಮೇಲೆ ನೋಡಿದರೆ ಇವರು ಬಿಸಿಲಿಗೆ ಹಿಡಿದಿದ್ದ ಕೊಡೆಯ ನೆರಳು ಅದನ್ನು ನುಂಗಿತ್ತು.

ಹಾಲು ತಂದ ಕೆಂಪಮ್ಮ ಇದನ್ನೆಲ್ಲ ನೋಡಿ, "ಅದ್ಯಾಕ್ರವ್ವಾ ಇಂಗೆ ಬಿಸ್ಲಲ್ಲಿ ಒಣಿಕ್ಕತೀರಿ? ನಮ್ಮೆಮ್ಮೆ ಯಾವ್ ಗೆರೆನೂ ನೋಡ್ದೆ ಒತ್ಗೆ ಸರ್ಯಾಗಿ ಕೂಗ್ತದೆ ಕಣ್ರವ್ವಾ" ಎಂದಳು. ಇವರು ಬೆನ್ನು ತಿರುಗಿಸಿ ಕೈಗಡಿಯಾರ ನೋಡಿಕೊಂಡರು. ಎಮ್ಮೆಯ ಜೊತೆ ಪೈಪೋಟಿ ಅವರಿಗೆ ಹಿಡಿಸಲಿಲ್ಲವೆಂದು ಕಾಣುತ್ತದೆ.

ಆಮೇಲೆ ಮೂರು ದಿನ ಗಡಿಯಾರ ಅಚ್ಚುಕಟ್ಟಾಗಿ ನಡೆಯಿತು. ಇವರು ಅದನ್ನು ನೋಡಿಯೇ ಸ್ಕೂಲಿಗೆ ಹೋದರು, ಬೈಸಿಕೊಳ್ಳದೆ ಬಂದರು. ನಾಲ್ಕನೆಯ ದಿನ ದ್ವಾದಶಿ. ಎಂಟರೊಳಗೆ ಪಾರಣೆಯಾಗಬೇಕು. ಬೆಳಿಗ್ಗೆ ಎದ್ದರೆ ಎದುರಿಗಿರುವ ಬಾವಿಯೇ ಕಾಣದಷ್ಟು ಮಂಜು. ಅತ್ತೆ ಸ್ನಾನ ಮಾಡಿದರು. ಮಂಜಿನಲ್ಲಿ ಹರವುವುದೇನೆಂದು ಹಿಂಡಿದ ಮಡಿ ಸೀರೆಯನ್ನು ಬಕೀಟಿನಲ್ಲೇ ಬಿಟ್ಟರು. ನಾನು ಅನ್ನಕ್ಕಿಟ್ಟೆ. ಅಷ್ಟರಲ್ಲಿ ಮಂಜು ಹರಿದು ಬಿಸಿಲು ಬಿತ್ತು. ಹಿತ್ತಲಿಗೆ ಹೋದ ಅತ್ತೆ ಕೂಗಿಕೊಂಡರು. ನೆರಳು ಎಂಟರ ಕಮಲವನ್ನು ದಾಟಿ ಎರಡು ಬೆರಳು ಆಚೆ ಹೋಗಿತ್ತು.

"ಮುಗೀತು ಕಣೇ! ನನ್ನ ವ್ರತ ಮುಗೀತು!" ಎಂದು ಅತ್ತೆ ಬಾವಿಕಟ್ಟೆಯ ಮೇಲೆ ಕೂತುಬಿಟ್ಟರು. ಕಣ್ಣಲ್ಲಿ ನೀರು. ನನಗೂ ಅಳು ಬಂತು. ಹಾಲಿನ ಚೊಂಬು ಹಿಡಿದು ಬಂದ ಕೆಂಪಮ್ಮ, "ಎಂಟೆಲ್ಲಾಗದೆ? ಈಗಿನ್ನೂ ಎಮ್ಮೆ ಹಾಲು ಕರ್ಕಂಡು ಬತ್ತಾ ಇವ್ನಿ" ಎಂದಳು.

"ನಿನ್ನ ಎಮ್ಮೆ ಮಾತು ಕೇಳಿಕೊಂಡು ಪಾರಣೆ ಮಾಡಕ್ಕಾಗುತ್ತೇನೇ?" ಎಂದರು ಅತ್ತೆ.

ಇವರು ಪಂಚೆ ಎತ್ತಿಕಟ್ಟಿ ಪೋಸ್ಟ್ ಮಾಸ್ಟರ ಮನೆಗೆ ಓಡಿದರು. ಏದುಸಿರು ಬಿಡುತ್ತಾ ವಾಪಸು ಬಂದು, "ಏಳೂ ಕಾಲು ಅಮ್ಮ! ಏಳೂ ಕಾಲು!" ಎಂದರು. ಎಮ್ಮೆ ಗೆದ್ದಿತ್ತು. ಅನ್ನ ಬೆಂದಿತು, ಅತ್ತೆಯ ಪಾರಣೆ ಹೊತ್ತು ಮೀರುವ ಮುಂಚೆಯೇ ಆಯಿತು. ನಾನು ದೇವರಿಗೆ ಎರಡು ಸಲ ಕೈಮುಗಿದೆ. ಇವರು ಮಾತ್ರ ಊಟ ಬಿಟ್ಟು ಹಾಸುಗಲ್ಲಿನ ಮುಂದೆ ನಿಂತು, ಸೂರ್ಯನ ಕಡೆಗೊಮ್ಮೆ ಗೆರೆಗಳ ಕಡೆಗೊಮ್ಮೆ ಅನುಮಾನದಿಂದ ನೋಡುತ್ತಿದ್ದರು. ಸೂರ್ಯನದೇ ತಪ್ಪೆಂದು ಅವರು ಹೇಳಿಬಿಡುವಂತಿತ್ತು.

ಅಷ್ಟರಲ್ಲಿ ಅತ್ತೆ ಬಂದು ಬಕೀಟಿನಿಂದ ಮಡಿ ಸೀರೆ ತೆಗೆದು ಹಗ್ಗದ ಮೇಲೆ ಹರವಿದರು. ಒದ್ದೆ ಹದಿನೆಂಟು ಮೊಳದ ಭಾರಕ್ಕೆ ಹಗ್ಗ ಜಗ್ಗಿತು. ಹಗ್ಗದ ಜೊತೆ ಬಿದಿರಿನ ಗಳ ಬಾಗಿತು. ನಮ್ಮ ಕಣ್ಣೆದುರಿಗೇ ನೆರಳು ಒಂಬತ್ತರ ಹತ್ತಿರದಿಂದ ಸರಸರ ಹಿಂದಕ್ಕೆ ಹರಿದು, ಎಂಟರ ಈಚೆ ನಿಂತಿತು.

"ಈ ಹಗ್ಗ ಗಳಕ್ಕೆ ಕಟ್ಟಿದ್ದು ಯಾರು?" ಎಂದರು ಇವರು.

ಹಳೆಯ ಗೂಟ ಮುರಿದಿತ್ತು. ಆ ಭಾನುವಾರ ಬೆಳಿಗ್ಗೆ, ಹೊಸ ಗಳ ಸುಮ್ಮನೆ ನಿಂತಿದೆಯಲ್ಲ ಎಂದು ಅದಕ್ಕೇ ಹಗ್ಗ ಕಟ್ಟಿದವಳು ನಾನೇ. ಅಂದಿನಿಂದ ಅತ್ತೆ ದಿನಾ ಒದ್ದೆ ಸೀರೆ ಹರವುತ್ತಿದ್ದದ್ದು ಅದರ ಮೇಲೆಯೇ; ಮಡಿ ಸೀರೆಯಾದ್ದರಿಂದ ಗೆರೆ ಎಳೆಯುವಾಗ ಯಾರೂ ಅದನ್ನು ಮುಟ್ಟುವಂತಿರಲಿಲ್ಲ. ನಮ್ಮ ಗೆರೆಗಳೆಲ್ಲ ಬಾಗಿದ ಗಳದ ಗೆರೆಗಳು. ಒಪ್ಪಿಕೊಂಡೆ. ಇವರು ಬಾಯಿ ತೆರೆಯುವ ಮೊದಲೇ ಅತ್ತೆ, "ಅವಳನ್ನೇನೂ ಅನ್ನಬೇಡ. ನನ್ನ ಸೀರೆ ಇದ್ದರೇ ನಿನ್ನ ಸೂರ್ಯ ಸರಿಯಾಗಿ ನಡೆಯೋದು" ಎಂದರು. ಪೋಸ್ಟ್ ಮಾಸ್ಟರು ಕೈಗಡಿಯಾರವನ್ನು ಎರಡನೆಯ ಸಲ ಕೊಡಲು ಒಪ್ಪಲಿಲ್ಲ. ಹಾಗಾಗಿ ಗೆರೆಗಳೂ ಉಳಿದವು, ಹಗ್ಗವೂ ಉಳಿಯಿತು. ಈಗ ಬೇಲಿಯಾಚೆಯಿಂದ ಹೊತ್ತು ಕೇಳುವವರು "ಅವ್ವಾ, ಸೀರೆ ಅರವಿದ್ರಾ?" ಎಂದು ಮೊದಲು ವಿಚಾರಿಸಿಕೊಳ್ಳುತ್ತಾರೆ.

ಅತ್ತೆಯ ಕೈಯಲ್ಲಿ ಬಲವಿಲ್ಲ. ಅವರು ಒಂದು ತುದಿ ಹಿಡಿದರೆ, ನಾನೂ ಸ್ನಾನ ಮಾಡಿ ಬಂದು ಇನ್ನೊಂದು ತುದಿ ಹಿಂಡುತ್ತೇನೆ. ನೀರು ಹೆಚ್ಚು ಉಳಿದಷ್ಟೂ ಗಳ ಹೆಚ್ಚು ಬಾಗುತ್ತದೆ, ಹೊತ್ತು ಹಿಂದಕ್ಕೆ ಹೋಗುತ್ತದೆ ಎಂದು ನನಗೆ ಬೇಗ ತಿಳಿಯಿತು. ಆದರೆ ದೇವರ ಮೇಲಾಣೆ, ಅಡುಗೆ ಎಷ್ಟು ತಡವಾದರೂ ನಾನಾಗಿ ಆ ಪಾಪಕ್ಕೆ ಕೈಹಾಕಿರಲಿಲ್ಲ.

ಮೊನ್ನೆ ಮತ್ತೆ ದ್ವಾದಶಿ ಬಂತು. ಹಸಿ ಸೌದೆ ಹೊಗೆಯಾಡಿ ಅನ್ನ ಇನ್ನೂ ಕುದಿಗೆ ಬಂದಿರಲಿಲ್ಲ. ಸೀರೆ ಹಿಂಡಲು ನಿಂತಾಗ ಅತ್ತೆ ಒಲೆಯ ಕಡೆ ನೋಡಿದರು, ಸೂರ್ಯನ ಕಡೆ ನೋಡಿದರು, ಆಮೇಲೆ ತಗ್ಗಿದ ದನಿಯಲ್ಲಿ, "ಇವತ್ತು ಅಷ್ಟೊಂದು ಹಿಂಡಬೇಡ ಕಣೇ" ಎಂದರು.

ನಾನು ಹಿರಿಯರ ಮಾತು ಮೀರುವವಳಲ್ಲ. ಕೈ ಸಡಿಲ ಬಿಟ್ಟೆ.