ಕಾಮೆನ್‌ನ ರಕ್ತ ಕೆಟ್ಟ ದಿನ

ರಕ್ತ ಕೊಡಬೇಕಾಗಿದ್ದ ಆಸಾಮಿ ಕೈಕೊಟ್ಟಿದ್ದೇ ಎಲ್ಲಕ್ಕೂ ಮೂಲ. ಪ್ಲೊವ್ದಿವ್ ನಗರದ ಆ ಪ್ರಯೋಗಾಲಯದಲ್ಲಿ ಅಂಥ ಹೊತ್ತಿಗೆ ಕೆಲಸದವರೇ ತೋಳು ಚಾಚುವುದು ವಾಡಿಕೆ. ಹಂಗಾಮಿ ತಂತ್ರಜ್ಞ ಕಾಮೆನ್ ಚಾಚಿದ. ಚಾಚದೆ ವಿಧಿಯಿರಲಿಲ್ಲ. ಖಾಯಂ ಕೆಲಸ ಇದ್ದದ್ದು ಒಂದೇ. ಪ್ರಯೋಗ ಗೆದ್ದರೆ ಅವನಿಗೆ, ಸೋತರೆ ಪಕ್ಕದ ಮೇಜಿನ ಲ್ಯುಬೆನ್‌ಗೆ.

ತನ್ನ ರಕ್ತದಲ್ಲಿ ರೋಗದಿಂದ ಮೈ ಕಾಯುವ ಟಿ ಜೀವಕೋಶಗಳ ಮೇಲೆ ಫ್ಲೂ ವೈರಾಣುವಿನ ಪುಟ್ಟ ಚೂರುಗಳನ್ನು, ಅಂದರೆ ಪೆಪ್ಟೈಡ್‌ಗಳನ್ನು, ಹಾಕಿ ರಾತ್ರಿಯಿಡೀ ಬೆಚ್ಚಗಿಟ್ಟ. ಹಳೆಯ ಶತ್ರುವಿನ ಗುರುತು ಸಿಕ್ಕರೆ ಕೋಶಗಳು ಕೆರಳಬೇಕು. ಕೆರಳಿದವನ್ನು ಯಂತ್ರ ಎಣಿಸುತ್ತದೆ.

ಬೆಳಿಗ್ಗೆ ಯಂತ್ರ ಸೊನ್ನೆ ತೋರಿಸಿತು. ಎಂಥ ಕೋಶವನ್ನೂ ಕೆರಳಿಸುವ ಔಷಧಿಯನ್ನು ಹೋಲಿಕೆಗೆಂದು ಹಾಕಿದ್ದ ತಟ್ಟೆಯ ಗುಳಿಯಲ್ಲೂ ಸೊನ್ನೆಯೇ.

"ಅಯ್ಯೋ ಮಗನೇ, ನಿನ್ ಮೈಕಾಯೋರೆಲ್ಲ ಮಲಗ್ಬಿಟ್ಟಿದಾರಲ್ಲೋ!" ಎಂದು ಹಿರಿಯ ತಂತ್ರಜ್ಞೆ ಝ್ಲಾತ್ಕಾ ಎದೆ ಹಿಡಿದುಕೊಂಡಳು.

ಸುದ್ದಿ ಮಹಡಿ ಹತ್ತಿತು. ಒಬ್ಬರು ಕಣ್ಣಿನ ರೆಪ್ಪೆ ಎಳೆದು ನೋಡಿದರು. ಇನ್ನೊಬ್ಬರು ಅವನ ಕಾಫಿ ಲೋಟವನ್ನು ಮೆಲ್ಲಗೆ ದೂರ ಸರಿಸಿದರು.

"ಇತ್ತೀಚೆಗೆ ತೂಕ ಇಳ್ದಿದ್ಯೇನೋ?" ಎಂದ ಲ್ಯುಬೆನ್.

"ಒಂಚೂರು ಇಳ್ದಿರ್ಬೇಕು."

"ನಂಗೊತ್ತಿತ್ತು ಬಿಡು!"

ಮಧ್ಯಾಹ್ನ ಝ್ಲಾತ್ಕಾ ಬೆಳ್ಳುಳ್ಳಿ ಸುರಿದ ಬೋಟಿ ಸೂಪು ಕುಡಿಸಿ, ಮೇಲೆ ತನ್ನೂರಿನ ಗಟ್ಟಿ ಮೊಸರು ತಿನ್ನಿಸಿದಳು. ಅಲ್ಲಿಯವರೆಗೆ ಚೆನ್ನಾಗಿಯೇ ಇದ್ದ ಕಾಮೆನ್ ಈಗ ನಿಜವಾದ ಕಾಯಿಲೆಯವನಂತೆ ಶೌಚಾಲಯಕ್ಕೆ ಓಡಿದ.

ಪ್ರೊಫೆಸರ್ ದೋಂಚೆವಾ ಕರೆದು ಕೇಳಿದರು: "ಒಂದೋ ನಿನ್ನ ರಕ್ತ ಕೆಟ್ಟಿದೆ, ಇಲ್ಲಾ ನಿನ್ನ ಕೈ ಕೆಟ್ಟಿದೆ. ಯಾವ್ದಪ್ಪಾ?"

"ರಕ್ತಾನೇ ಇರ್ಬೇಕು ಮೇಡಂ," ಎಂದ ಕಾಮೆನ್, ಬಾಯಿ ತಪ್ಪಿ.

"ಹಾಗಾದ್ರೆ ಲ್ಯುಬೆನ್ ಮಾಡಿ ನೋಡ್ಲಿ."

ಮತ್ತೆ ರಕ್ತ ತೆಗೆದರು. ಈ ಸಲ ರಾತ್ರಿಯಿಡೀ ಇಡದೆ ಕೆಲವೇ ಗಂಟೆ ಬೆಚ್ಚಗಿಡುವ ಅವಸರದ ವಿಧಾನ; ಸಂಜೆಯವರೆಗೆ ಕಾಯಬೇಕಿತ್ತು. ಓಣಿಯ ಬೆಂಚಿನ ಮೇಲೆ ಕುಳಿತ ಕಾಮೆನ್‌ಗೆ ತನ್ನ ಸ್ಥಿತಿ ಆಗಷ್ಟೇ ತಿಳಿಯಿತು. ಕಾಯಿಲೆಯಿದ್ದರೆ ಕೆಲಸಕ್ಕೆ ಇನ್ನೊಂದು ಅವಕಾಶ. ಆರೋಗ್ಯವಿದ್ದರೆ ಕೆಲಸ ಹೋಯಿತು. ದೇವರೇ, ಸಣ್ಣದೊಂದು ಕಾಯಿಲೆ ಇರಲಿ ಎಂದು ಬೇಡಿಕೊಂಡ. ಆಗ ಮಗಳು ರಾಲಿತ್ಸಾ ನೆನಪಾದಳು. ಅವಳಿಗಿನ್ನೂ ಶೂ ದಾರ ಕಟ್ಟಲು ಬರುವುದಿಲ್ಲ. ಅವನ ಕಣ್ಣು ತುಂಬಿತು. ಬೇಡ, ಕೆಲಸ ಹೋದರೆ ಹೋಗಲಿ, ನಾನಿರಬೇಕು ಎಂದು ಮನಸ್ಸಾರೆ ಹೇಳಿಕೊಂಡ.

ಸಂಜೆ ಯಂತ್ರದ ತೆರೆಯ ಮೇಲೆ ಕೆರಳಿದ ಕೋಶಗಳ ಚುಕ್ಕೆಗಳು ಜೇನುಗೂಡಿಗೆ ಕಲ್ಲು ಬಿದ್ದಂತೆ ಎದ್ದವು. ಅಂಥ ಉತ್ತರ ಆ ಪ್ರಯೋಗಾಲಯದಲ್ಲಿ ಯಾರ ರಕ್ತವೂ ಕೊಟ್ಟಿರಲಿಲ್ಲ.

"ನಂಗೇನೂ ಆಗಿಲ್ಲ!" ಕಾಮೆನ್ ಲ್ಯುಬೆನ್‌ನನ್ನೇ ತಬ್ಬಿ ಕುಣಿದ.

"ನಿನಗೇನೂ ಆಗಿಲ್ಲ," ಎಂದರು ದೋಂಚೆವಾ. "ಕೋಶದ ಉತ್ತರ ಆಚೆ ಸೋರದ ಹಾಗೆ ತಡಿಯೋ ಔಷಧಿ ನಿನ್ನೆ ಹಾಕಿದ್ಯಾ?"

ಕಾಮೆನ್‌ನ ಕುಣಿತ ನಿಂತಿತು. ಹಾಕಿರಲಿಲ್ಲ. ಪಾಪ, ಕೋಶಗಳು ರಾತ್ರಿಯಿಡೀ ಕೂಗಿದ್ದವು. ಇವನು ಬಾಗಿಲು ಮುಚ್ಚುವುದನ್ನು ಮರೆತು, ಕೂಗೆಲ್ಲ ಯಂತ್ರಕ್ಕೆ ಸಿಗದೆ ಆಚೆ ಹೋಗಿತ್ತು.

"ಕೆಲಸ ಲ್ಯುಬೆನ್‌ಗೆ," ಎಂದರು ಪ್ರೊಫೆಸರ್. ಕಾಮೆನ್ ತಲೆ ತಗ್ಗಿಸಿ ಕೋಟು ಎತ್ತಿಕೊಂಡ. ಮಗಳ ಮುಖ ನೋಡಿದರೆ ಸಾಕೆನಿಸಿತ್ತು.

"ಎಲ್ಲಿಗೆ ಹೊರಟೆ?" ಅವರ ದನಿಯಲ್ಲಿ ಹಿಂದೆಂದೂ ಕೇಳದ ಅಕ್ಕರೆಯಿತ್ತು. "ಇಂಥಾ ರಕ್ತ ನಮಗೆಲ್ಲಿ ಸಿಗುತ್ತಪ್ಪಾ? ಮಂಗಳವಾರ ಮಂಗಳವಾರ ತಪ್ಪದೆ ಬರ್ಬೇಕು."

ಲ್ಯುಬೆನ್ ಆಗಲೇ ಹೊಸ ಸೂಜಿ ಬಿಚ್ಚುತ್ತಿದ್ದ. "ತೋಳು ಚಾಚು ಗೆಳೆಯಾ," ಎಂದ, "ನನ್ನ ಮೊದಲನೇ ಪ್ರಯೋಗ."