ಸಿಪ್ಪೆ ವಾಪಸ್ ಕೊಟ್ಟರೆ ಮಾತ್ರ ತರಕಾರಿ

ಕೊಳ್ಳೇಗಾಲದ ಯಾವ ಮನೆಯಲ್ಲಿ ಗಂಡ ಹೆಂಡತಿ ಮಾತು ಬಿಟ್ಟಿದ್ದಾರೆ, ಯಾರ ಮನೆಗೆ ನೆಂಟರು ಬಂದಿದ್ದಾರೆ ಎಂಬುದನ್ನು ನನ್ನ ಸೋದರಮಾವ ಬಾಗಿಲಲ್ಲೇ ನಿಂತು ಹೇಳಬಲ್ಲರು. ಜ್ಯೋತಿಷಿ ಅಂದುಕೊಂಡಿರಾ? ಅಯ್ಯೋ, ಇಲ್ಲ! ಅವರು ನೋಡುವುದು ಜಾತಕವನ್ನಲ್ಲ, ತರಕಾರಿ ಸಿಪ್ಪೆಯನ್ನು.

ಹನೂರಿನ ಹತ್ತಿರ ಮಾವನಿಗೊಂದು ಪುಟ್ಟ ಹೊಲ. ಅದಕ್ಕೆ ಔಷಧಿ ಹೊಡೆಯುವುದಿಲ್ಲ, ಅಂಗಡಿ ಗೊಬ್ಬರ ಹಾಕುವುದಿಲ್ಲ. ಮಂಡಿಯ ದಲ್ಲಾಳಿಗಳ ಸಹವಾಸವೂ ಬೇಡವೆಂದು, ಬೆಳೆದದ್ದನ್ನು ಮೊಪೆಡ್ ಮೇಲೆ ಹೇರಿಕೊಂಡು ಕೊಳ್ಳೇಗಾಲ, ಯಳಂದೂರಿನ ಮನೆಮನೆಗೆ ತಾವೇ ಕೊಡುತ್ತಾರೆ. ಇಷ್ಟೇ ಆಗಿದ್ದರೆ ಜನ ಕರೆದು ಹಾರ ಹಾಕುತ್ತಿದ್ದರು. ಆದರೆ ಮಾವನದೊಂದು ಷರತ್ತು: ಹೋದ ವಾರ ಕೊಂಡ ತರಕಾರಿಯ ಸಿಪ್ಪೆ, ನಾರು, ತೊಟ್ಟು ಎಲ್ಲವನ್ನೂ ಬಕೆಟ್‌ನಲ್ಲಿ ವಾಪಸ್ ಕೊಡಬೇಕು! "ನಮ್ ಮಣ್ಣಿಂದ ಬಂದದ್ದು ನಮ್ ಮಣ್ಣಿಗೇ ಓಗ್ಬೇಕು ಕಣವ್ವ. ತಿನ್ನೋದು ನಿಮ್ದು, ಮಿಕ್ಕಿದ್ದು ನನ್ನ ಗೊಬ್ಬರದ ಗುಂಡೀದು!"

ಕೊಟ್ಟ ಸಿಪ್ಪೆಯನ್ನು ಸುಮ್ಮನೆ ಒಯ್ಯುತ್ತಾರೆಯೇ? ಕೈಹಾಕಿ ತಪಾಸಣೆ! ಒಬ್ಬ ಇಂಜಿನಿಯರ್ ಹೆಂಡತಿಯ ಬಕೆಟ್‌ನಿಂದ ಸೋರೆಕಾಯಿ ಸಿಪ್ಪೆ ಎತ್ತಿ ಹಿಡಿದು, "ಇದೇನವ್ವ, ಸಿಪ್ಪೇಲೇ ಅರ್ಧ ಕಾಯಿ ಅದಲ್ಲ! ಸಾರಿಗೆ ಏನಾಕುದ್ರಿ, ಬರೀ ನೀರಾ?" ಎಂದರು. ಆ ಮನೆ ಅಂದೇ ಸೂಪರ್‌ಮಾರ್ಕೆಟ್ ಪಾಲಾಯಿತು.

ಇನ್ನೊಂದು ಮನೆಯವರು ವಾರವೆಲ್ಲ ಹೋಟೆಲ್ ಊಟ ತರಿಸಿ ತಿಂದು, ಮಾವನ ಬಾಯಿಗೆ ಹೆದರಿ ಪಕ್ಕದ ಮನೆಯಿಂದ ಸಿಪ್ಪೆ ಎರವಲು ತಂದರು. ಸಕ್ಕರೆ ಎರವಲು ತರುವವರನ್ನು ನೋಡಿದ್ದೇನೆ, ಸಿಪ್ಪೆ? ಮಾವ ಬಕೆಟ್ ಕಲಕಿದರು. "ಇದ್ಯಾರ ಮನೇದು ಸಾ? ನನ್ನ ಒಲ್ದಲ್ಲಿ ಆಲೂಗಡ್ಡೆ ಯಾವಾಗ ಬೆಳುದ್ನಪ್ಪ ನಾನು?" ಆ ಮನೆಯೂ ಕೈಬಿಟ್ಟುಹೋಯಿತು.

ಅತ್ತೆಗೆ ಸಿಟ್ಟು ನೆತ್ತಿಗೇರಿತು. ಹೊಲ ಅವರ ತವರಿನಿಂದ ಬಂದದ್ದು, ಕೊನೆಯ ಮಾತು ಅವರದೇ. "ತರ್ಕಾರಿ ಮಾರಕ್ಕೆ ಓಯ್ತೀರೋ, ಪರೀಕ್ಷೆ ಮಾಡಕ್ಕೋ? ಶುಂಠಿ ಬೆಳೆಯೋರು ಗುತ್ತಿಗೆಗೆ ಕೇಳ್ತಾವ್ರೆ. ಇನ್ನೊಂದ್ ಮನೆ ಬಿಟ್ಟೋಗ್ಲಿ, ಕೊಟ್ಟೇಬುಡ್ತೀನಿ!" ಶುಂಠಿಗೆಂದು ಮಣ್ಣಿಗೆ ಏನೇನು ಸುರಿಯುತ್ತಾರೆಂದು ಮಾವನಿಗೆ ಗೊತ್ತು. ಎರಡು ಹೊತ್ತು ಊಟ ಬಿಟ್ಟರು. ಚಾಳಿ ಬಿಡಲಿಲ್ಲ.

ಮುಂದಿನ ವಾರ ಮಾವನ ಬಾಯಿ ಕಾಯಲು ಅತ್ತೆಯೇ ಜೊತೆಗೆ ಹೊರಟರು. ಮೊಪೆಡ್ ಕೆಟ್ಟಿದ್ದರಿಂದ ಕಾರು ನನ್ನದು, ಹಾಗಾಗಿ ಸಾಕ್ಷಿಯೂ ನಾನೇ. ಯಳಂದೂರಿನಲ್ಲಿ ಗುಮಾಸ್ತರೊಬ್ಬರ ಮನೆ. ಅವರೇ ಬಕೆಟ್ ತಂದಿಟ್ಟರು. ಒಂದು ಸಿಪ್ಪೆಯೂ ಇಲ್ಲ! ಹೋದ ವಾರದ ಹೀರೇಕಾಯಿ, ಬದನೆಕಾಯಿ ಕೊಟ್ಟ ಹಾಗೇ ಬಿದ್ದು ಕೊಳೆತಿವೆ. ಅತ್ತೆ ಕಣ್ಣು ಮುಚ್ಚಿಕೊಂಡರು. ಹೊಲ ಹೋಯಿತು ಎಂದು ನಾನೂ ಅಂದುಕೊಂಡೆ.

ಮಾವ ಬಕೆಟ್ಟಿಗೆ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದರು. ಆಮೇಲೆ ಮೆಲ್ಲಗೆ ಕೇಳಿದರು, "ಅವ್ವಾರು ಎಲ್ಲಿ ಸಾ?"

"ಹೆಂಡತಿ ತೀರಿಕೊಂಡಳು ಕಣಪ್ಪ. ಹೋದ ವಾರ ತಿಥಿ ಮುಗಿಯೋತನಕ ನೆಂಟರು ಬೇಯಿಸಿ ಹಾಕಿದರು, ಆಮೇಲೆ ಹೊರಟುಹೋದರು. ನನಗೆ ಅಡುಗೆ ಬರಲ್ಲ. ಅವತ್ತು ನೀನು ಬಂದು ನಿಂತಾಗ, ತರಕಾರಿ ಬೇಡ ಅಂತ ಹೇಳಿಕಳಿಸೋಕೆ ಮನಸ್ಸಾಗಲಿಲ್ಲ."

ಮಾವನ ಮುಖ ಕಪ್ಪಿಟ್ಟಿತು. ಹೋದ ವಾರ ಇದೇ ಬಾಗಿಲಲ್ಲಿ, ತುಂಬಿ ತುಳುಕುವ ಬಕೆಟ್ ತಂದಿಟ್ಟ ಯಾರೋ ನೆಂಟರನ್ನು, "ಏನ್ ಸಾ, ಮನೇಲಿ ಶುಭಕಾರ್ಯವಾ?" ಎಂದು ಕೇಳಿ ನಕ್ಕು ಬಂದಿದ್ದರಂತೆ.

ಚಪ್ಪಲಿ ಬಿಟ್ಟು ಸೀದಾ ಅಡುಗೆಮನೆಗೆ ನಡೆದರು. ಗುಮಾಸ್ತರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೈಗೆ ಹೊಸ ಹೀರೇಕಾಯಿ ಕೊಟ್ಟರು. ಅವರು ದಪ್ಪದಪ್ಪ ಹೆರೆದರು. ಮಾವ ಆ ಸಿಪ್ಪೆಯನ್ನು ಬಟ್ಟಲಿಗೆ ಬಳಿದು ಅವರ ಮುಂದೆಯೇ ಇಟ್ಟರು. "ಸಿಪ್ಪೆ ನನಗ್ ಬ್ಯಾಡ ಸಾ. ಉರುದು ಚಟ್ನಿ ಮಾಡ್ಕಳಿ, ಅನ್ನಕ್ಕೆ ಸಂದಾಕಿರ್ತದೆ." ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ಒಗ್ಗರಣೆಗೆ ಸಾಸಿವೆ ಹುಡುಕಲು ಒಳಗೆ ಹೋದರು.

ಮರುದಿನ ಶುಂಠಿಯವರು ಬಂದಾಗ ಅತ್ತೆ ಜಗುಲಿಯಿಂದಲೇ ಹೇಳಿದರಂತೆ: "ಒಲ ಕೊಡಕ್ಕಿಲ್ಲ ಕಣಪ್ಪ. ಯಳಂದೂರಲ್ಲಿ ಒಬ್ರು ಈಗ್ತಾನೆ ಅಡುಗೆ ಕಲೀತಾವ್ರೆ. ನಾವ್ ನಿಲ್ಸುಬುಟ್ರೆ ಅವ್ರು ಉಣ್ಣೋದ್ ನಿಲ್ಸುಬುಡ್ತಾರೆ."